ನಿಮ್ಮ ಬ್ರ್ಯಾಂಡ್ ಯಾವುದು?

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಇದು ನಾನು ಯಾವುದೋ ಮಂತ್ರಿಗೆ ಕೇಳಿದ ಪ್ರಶ್ನೆ ಅಲ್ಲ. ನನಗೇ ಕೇಳಿದ ಪ್ರಶ್ನೆ.

ಚುನಾವಣೆ ಸಮಯ. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದಲ್ಲಿ ನಮ್ಮ ಓಬಿ ವ್ಯಾನ್ ನಿಲ್ಲಿಸಿಕೊಂಡು ಜನರ ಅಭಿಪ್ರಾಯ ಕೇಳ್ತಾ ಇದ್ದೆ. ರಸ್ತೆ, ನೀರಾವರಿ, ಬಗರ್‌ಹುಕುಂ ಸಾಗುವಳಿ, ಎಲ್ಲಾ ಆಯ್ತು. ಅಷ್ಟರಲ್ಲಿ ಒಬ್ಬ ಹುಡುಗ ಗುಂಪು ಸೀಳಿಕೊಂಡು ಮೈಕ್ ಹತ್ತಿರ ಬಂದ. "ಸಾರ್, ದಿನಾ ರಾತ್ರಿ ಎಲ್ಲರಿಗೂ ಪ್ರಶ್ನೆ ಕೇಳ್ತೀರಿ. ನಾನು ಒಂದು ಕೇಳ್ಲಾ? ನಿಮ್ಮ ಬ್ರ್ಯಾಂಡ್ ಯಾವುದು?" ಸುತ್ತ ನಿಂತವರು ಗೊಳ್ಳಂತ ನಕ್ಕರು. ನಾನೂ ನಕ್ಕೆ. ಕ್ಯಾಮೆರಾಮನ್ ಕೂಡ ನಗ್ತಾ ಕ್ಯಾಮೆರಾ ಅತ್ತ ತಿರುಗಿಸಿದ. ಆ ತುಣುಕು ಪ್ರಸಾರ ಆಗಲಿಲ್ಲ ಅನ್ನಿ.

ಆದರೆ ಆ ರಾತ್ರಿ ಲಾಡ್ಜ್‌ನಲ್ಲಿ ಮಲಗಿದಾಗ ಪ್ರಶ್ನೆ ಮತ್ತೆ ಬಂತು. ನನ್ನ ಬ್ರ್ಯಾಂಡ್ ಯಾವುದು? ಅದನ್ನು ಯಾರು ಆರಿಸಿದ್ದು? ನಾನಾ? ನನ್ನ ನಾಲಿಗೆಯಾ? ಯೋಚಿಸುತ್ತಾ ಹೋದಂತೆ ನನಗೆ ನೆನಪಾದದ್ದು ನನ್ನ ಸೋದರಮಾವ. ಹಾಗಾಗಿ ಇವತ್ತಿನ ಕಥೆ ಮಾವನ ಗ್ಲಾಸಿನದ್ದು. ಅದರ ಜೊತೆಗೆ ಈ ಎರಡು ತಾಲ್ಲೂಕುಗಳದ್ದು, ಶಿಕಾರಿಪುರ ಮತ್ತು ಸೊರಬದ್ದು.

ನಮ್ಮ ಅಮ್ಮನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಬೇಸಿಗೆ ರಜೆ ಬಂತು ಅಂದ್ರೆ ನಮ್ಮ ಠಿಕಾಣಿ ಅಲ್ಲೇ. ಮಾವ ಗದ್ದೆ ಮಾಡುತ್ತಿದ್ದ. ಸಂಜೆಯಾದರೆ ಬಗನಿ ಮರದ ಕಳ್ಳು ಕುಡಿಯುತ್ತಿದ್ದ. ಬಗನಿ ಅಂದರೆ ಬೈನೆ ಮರ. ಬಯಲುಸೀಮೆಗೆ ಈಚಲು ಹೇಗೋ, ಕರಾವಳಿಗೆ ತೆಂಗು ಹೇಗೋ, ಮಲೆನಾಡಿಗೆ ಬಗನಿ ಹಾಗೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಬಗನಿ ಕಳ್ಳಿನ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ.

ಈ ಮರದ್ದು ಒಂದು ವಿಚಿತ್ರ ಇದೆ. ಅದು ಬೆಳೆದು ನಿಲ್ಲುವವರೆಗೂ ಹೂ ಬಿಡಲ್ಲ. ಬಿಟ್ಟಾಗ ಮೊದಲ ಹೊಂಬಾಳೆ ಮೇಲೆ, ಆಮೇಲಿನದು ಅದರ ಕೆಳಗೆ, ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಕೊನೆಯ ಹೊಂಬಾಳೆ ಮುಗಿದರೆ ಮರವೂ ಮುಗಿದ ಹಾಗೆ. ಆ ಹೊಂಬಾಳೆಯನ್ನು ಹದವಾಗಿ ಬಡಿದು, ತುದಿ ಕೊಯ್ದು, ಮಡಕೆ ಕಟ್ಟುತ್ತಾರೆ. ಬೆಳಗ್ಗೆ ಇಳಿಸಿದರೆ ಸಿಹಿ. ಬಿಸಿಲೇರಿದಂತೆ ಗಾಳಿಯಲ್ಲಿರುವ ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತಾ ಹೋಗುತ್ತದೆ. ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಖಡಕ್. ಮಾರನೇ ದಿನಕ್ಕೆ ಇಟ್ಟರೆ ವಿನಿಗರ್.

ಮಾವನಿಗೆ ಇದೆಲ್ಲ ಗೊತ್ತಿತ್ತು. ಯಾವ ಮರದ್ದು ಸಿಹಿ ಜಾಸ್ತಿ, ಯಾವ ಮರದ್ದು ಬೇಗ ಹುಳಿಯಾಗುತ್ತೆ, ಮಡಕೆಗೆ ಸುಣ್ಣ ಬಳಿದಿದ್ದಾರಾ ಇಲ್ಲವಾ, ನೀರು ಬೆರೆಸಿದ್ದಾರಾ, ಒಂದು ಗುಟುಕಿಗೆ ಹೇಳುತ್ತಿದ್ದ. ಇವತ್ತು ಬೆಂಗಳೂರಿನ ಸ್ಟಾರ್ ಹೋಟೆಲ್‌ನಲ್ಲಿ ವೈನ್ ಗ್ಲಾಸ್ ತಿರುಗಿಸಿ, ಮೂಗಿಗೆ ಹಿಡಿದು, ಯಾವ ವರ್ಷದ ದ್ರಾಕ್ಷಿ ಅಂತ ಹೇಳೋರಿಗೆ ಲಕ್ಷಗಟ್ಟಲೆ ಸಂಬಳ. ನಮ್ಮ ಮಾವನಿಗೆ ಊರವರು ಕೊಟ್ಟ ಬಿರುದು ಏನು ಗೊತ್ತಾ? ಕುಡುಕ.

ಈಗ ಸ್ವಲ್ಪ ಹಿಂದೆ ಹೋಗೋಣ. ತುಂಬಾನೇ ಹಿಂದೆ.

ಸೊರಬ, ಶಿಕಾರಿಪುರ ಎರಡೂ ಹಿಂದೆ ಬನವಾಸಿ ಹನ್ನೆರಡು ಸಾವಿರ ನಾಡಿಗೆ ಸೇರಿದ್ದವು. ಪಂಪ ಹಂಬಲಿಸಿದ ನಾಡು ಇದೇ. 10ನೇ ಶತಮಾನದ ಆ ಕವಿ ತನ್ನ ಭಾರತದಲ್ಲಿ ಕಳ್ಳು ಕುಡಿಯುವವರ ಚಿತ್ರವನ್ನೂ ಬರೆದಿದ್ದಾನೆ. ಮುಚ್ಚಿಟ್ಟಿಲ್ಲ. ಇನ್ನೂ ಹಿಂದೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಅನ್ನುವ ಅಧಿಕಾರಿ ಇದ್ದಾನೆ. ಈಗಿನ ಭಾಷೆಯಲ್ಲಿ ಅಬಕಾರಿ ಕಮಿಷನರ್ ಅನ್ನಿ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು, ಹೀಗೆ ಆರು ಬಗೆಯ ಪಾನೀಯಗಳನ್ನು ಕೌಟಿಲ್ಯ ಪಟ್ಟಿ ಮಾಡುತ್ತಾನೆ. ಚರಕ ಸಂಹಿತೆ 84 ಬಗೆಯ ಆಸವ ಹೇಳುತ್ತದೆ. ಧಾನ್ಯದ್ದು, ಹಣ್ಣಿನದ್ದು, ಬೇರಿನದ್ದು, ಹೂವಿನದ್ದು. 84! ಈಗ ನಮ್ಮ ಊರಿನ ವೈನ್ ಶಾಪ್ ಕೌಂಟರ್ ಮುಂದೆ ನಿಂತುಕೊಂಡು ಎಣಿಸಿ ನೋಡಿ. ಬಾಟಲಿಗಳ ಹೆಸರು ನೂರಾರು ಇರಬಹುದು. ಒಳಗಿರೋದು ಎಷ್ಟು ಬಗೆ? ಇದಕ್ಕೆ ಆಮೇಲೆ ಬರ್ತೀನಿ.

ಶಿಕಾರಿಪುರ ತಾಲ್ಲೂಕಿನಲ್ಲೇ ಬಳ್ಳಿಗಾವಿ ಇದೆ. ಕೇದಾರೇಶ್ವರ ದೇವಸ್ಥಾನ ನೋಡಿರ್ತೀರಿ. ಅಲ್ಲಿ ಕೋಡಿಯ ಮಠ ಅಂತ ಇತ್ತು. ಕಾಳಾಮುಖ ಶೈವರ ಮಠ. ಈ ಕಾಳಾಮುಖರ ಮೇಲೆ ಒಂದು ದೊಡ್ಡ ಆರೋಪ ಇದೆ. ಅವರು ಹೆಂಡದ ಮಡಕೆ ಇಟ್ಟು ಅದರಲ್ಲಿ ದೇವರನ್ನು ಪೂಜಿಸುತ್ತಾರೆ, ತಲೆಬುರುಡೆಯಲ್ಲಿ ಉಣ್ಣುತ್ತಾರೆ ಅಂತ ಯಾಮುನಾಚಾರ್ಯ, ರಾಮಾನುಜರಂಥ ಆಚಾರ್ಯರ ಗ್ರಂಥಗಳೇ ಹೇಳುತ್ತವೆ. ಆದರೆ ಬಳ್ಳಿಗಾವಿಯ 1162ರ ಶಾಸನ ಏನು ಹೇಳುತ್ತೆ? ಅದೇ ಮಠದಲ್ಲಿ ವೇದ ಹೇಳಿಕೊಡುತ್ತಿದ್ದರು, ವ್ಯಾಕರಣ ಹೇಳಿಕೊಡುತ್ತಿದ್ದರು, ಅನಾಥರಿಗೆ ಅನ್ನ ಹಾಕುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು. ಅಮೆರಿಕದ ವಿದ್ವಾಂಸ ಡೇವಿಡ್ ಲೊರೆನ್ಜನ್ 1972ರಲ್ಲಿ ಈ ಶಾಸನಗಳನ್ನೆಲ್ಲ ಮುಂದಿಟ್ಟುಕೊಂಡು, ಕಾಪಾಲಿಕರ ಮೇಲಿನ ಮಾತನ್ನು ಕಾಳಾಮುಖರ ತಲೆಗೂ ಕಟ್ಟಿರಬೇಕು ಅಂತ ವಾದಿಸಿದರು. ಯಾರನ್ನಾದರೂ ಹಳಿಯಬೇಕು ಅಂದರೆ ಅವರ ಕೈಗೆ ಒಂದು ಹೆಂಡದ ಮಡಕೆ ಕೊಟ್ಟುಬಿಡಿ, ಸಾಕು. 900 ವರ್ಷದ ಹಿಂದೆ ನಡೆದದ್ದು ಅದೇ, ಇವತ್ತು ಚುನಾವಣೆಯಲ್ಲಿ ನಡೆಯೋದೂ ಅದೇ.

ಇದೇ ತಾಲ್ಲೂಕು ಅಲ್ಲಮನನ್ನೂ ಕೊಟ್ಟಿತು, ಅಕ್ಕಮಹಾದೇವಿಯನ್ನೂ ಕೊಟ್ಟಿತು. ಇವರಿಬ್ಬರೂ ನಡೆದು ಸೇರಿದ ಕಲ್ಯಾಣದಲ್ಲಿ ಹೆಂಡದ ಮಾರಯ್ಯ ಅಂತ ಒಬ್ಬ ಶರಣ ಇದ್ದ. ಕಸುಬು ಹೆಸರಲ್ಲೇ ಇದೆ. ಹೆಂಡ ಮಾರುತ್ತಿದ್ದವನು. ಕುಡಿಯಲು ಬಂದವರಿಗೆ ಒಳ್ಳೆ ಮಾತು ಹೇಳಿ ದಾರಿಗೆ ತರುತ್ತಿದ್ದನಂತೆ. ಧರ್ಮೇಶ್ವರಲಿಂಗ ಅನ್ನೋ ಅಂಕಿತದಲ್ಲಿ ಅವನ ವಚನಗಳು ಸಿಗುತ್ತವೆ. ಅನುಭವ ಮಂಟಪ ಅವನನ್ನು ಹೊರಗೆ ನಿಲ್ಲಿಸಲಿಲ್ಲ. ಆ ಕಸುಬಿನ ಹೆಸರನ್ನೂ ಅಳಿಸಲಿಲ್ಲ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸರಿ. ಹಾಗಾದ್ರೆ 84 ಬಗೆ ಎಲ್ಲಿ ಹೋಯ್ತು? ಯಾರು ಕುಡಿದು ಖಾಲಿ ಮಾಡಿದರು?

ಉತ್ತರ ಒಂದು ಪದದಲ್ಲಿದೆ. ಅಬಕಾರಿ. ಪಾರ್ಸಿ ಪದ. ಆಬ್ ಅಂದರೆ ನೀರು, ಕಾರಿ ಅಂದರೆ ಕೆಲಸ. ಬ್ರಿಟಿಷರು ಈ ನೀರಿನ ಕೆಲಸವನ್ನು ದುಡ್ಡಿನ ಕೆಲಸ ಮಾಡಿದರು. ಈಗ ನೀವೇ ಒಬ್ಬ ತೆರಿಗೆ ಅಧಿಕಾರಿ ಅಂದುಕೊಳ್ಳಿ. ಕಳ್ಳಿನ ಮೇಲೆ ತೆರಿಗೆ ಹಾಕೋದು ಹೇಗೆ? ಅದು ಕಾಡಿನ ಮರದ ಮೇಲಿದೆ. ಬೆಳಗ್ಗೆ ಇಳಿಸಿದ್ದು ಸಂಜೆಗೆ ಖಾಲಿ. ಗೋದಾಮಿನಲ್ಲಿ ಇಡೋಕಾಗಲ್ಲ, ದೂರ ಸಾಗಿಸೋಕಾಗಲ್ಲ. ಹೆಚ್ಚೆಂದರೆ ಮರ ಎಣಿಸಿ ಮರಕ್ಕಿಷ್ಟು ಅಂತ ಹಾಕಬಹುದು. ಆದರೆ ಭಟ್ಟಿ ಇಳಿಸಿದ ಸಾರಾಯಿ ಹಾಗಲ್ಲ. ಪೀಪಾಯಿಗೆ ತುಂಬಬಹುದು, ಅಳೆಯಬಹುದು, ಬೀಗ ಹಾಕಬಹುದು, ವರ್ಷಗಟ್ಟಲೆ ಇಡಬಹುದು, ಹರಾಜು ಕೂಗಬಹುದು. ಆಮೇಲೆ ಸಕ್ಕರೆ ಕಾರ್ಖಾನೆಗಳು ಬಂದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರದ್ದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಇದೆಯಲ್ಲ, ಕಾಕಂಬಿ, ಅದರಿಂದ ಎಷ್ಟು ಬೇಕಾದರೂ ಸ್ಪಿರಿಟ್ ತೆಗೆಯಬಹುದು. ಮರ ಹತ್ತೋದು ಬೇಡ, ಹೊಂಬಾಳೆ ಬಡಿಯೋದು ಬೇಡ.

ಜನರ ನಾಲಿಗೆಯನ್ನು ಯಾರೂ ಕೇಳಲಿಲ್ಲ. ತೆರಿಗೆ ಹಾಕಲು ಯಾವುದು ಸುಲಭವೋ ಅದೇ ಊರೂರಿಗೆ ಬಂತು.

ಸ್ವಾತಂತ್ರ್ಯ ಹೋರಾಟದಲ್ಲಿ ಮದ್ಯದ ವಿರೋಧ ದೊಡ್ಡ ಅಸ್ತ್ರ. ಸರ್ಕಾರದ ಖಜಾನೆಗೆ ಹೊಡೆತ ಕೊಡಬೇಕು, ಜನರ ಸಂಸಾರ ಉಳಿಸಬೇಕು, ಎರಡೂ ಉದ್ದೇಶ. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಎಸ್. ನಿಜಲಿಂಗಪ್ಪ ಅದರಲ್ಲಿ ಜೈಲಿಗೆ ಹೋದರು. ಆದರೆ ಇಲ್ಲೊಂದು ಸೂಕ್ಷ್ಮ ಗಮನಿಸಿ. ಕೊಡಲಿ ಬಿದ್ದದ್ದು ಈಚಲು ಮರಕ್ಕೆ. ಕಾಕಂಬಿ ತೊಟ್ಟಿಗೆ ಕೊಡಲಿ ಹಾಕೋಕಾಗುತ್ತಾ?

ಸ್ವಾತಂತ್ರ್ಯ ಬಂತು. ಸಂವಿಧಾನದ 47ನೇ ವಿಧಿ ಪಾನನಿರೋಧ ಸರ್ಕಾರದ ಗುರಿಯಾಗಿರಬೇಕು ಅಂದಿತು. ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ 1948ರಿಂದ ಪಾನನಿರೋಧ ಬಂತು. ಬಂದದ್ದು 1967ರಲ್ಲಿ ಹೋಯಿತು. ಯಾಕೆ? ಖಜಾನೆಗೆ ದುಡ್ಡು ಬೇಕಿತ್ತು. ಆಗ ಮುಖ್ಯಮಂತ್ರಿ ಯಾರು? ಅದೇ ನಿಜಲಿಂಗಪ್ಪನವರು. ಅವರ ಪ್ರಾಮಾಣಿಕತೆ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಆದರೆ ಮರ ಕಡಿದ ಕೈಯೇ ಗಡಂಗಿನ ಬಾಗಿಲು ತೆರೆಯಬೇಕಾಯ್ತು ಅಂದರೆ ಅಬಕಾರಿ ದುಡ್ಡಿನ ಶಕ್ತಿ ಎಂಥದ್ದು ಯೋಚನೆ ಮಾಡಿ. ಅದೇ 1967ರಲ್ಲಿ ಸೊರಬದಿಂದ ಒಬ್ಬ ಯುವಕ ಮೊದಲ ಸಲ ವಿಧಾನಸಭೆಗೆ ಗೆದ್ದರು. ಕುಬಟೂರಿನ ಎಸ್. ಬಂಗಾರಪ್ಪ.

ಆಮೇಲಿನ 40 ವರ್ಷ ಕರ್ನಾಟಕದಲ್ಲಿ ಸಾರಾಯಿ ಯುಗ. ಸಾರಾಯಿ ಗುತ್ತಿಗೆದಾರರು ಎಂಎಲ್‌ಎಗಳನ್ನು ಸಾಕಿದರು, ಕೆಲವರು ತಾವೇ ಎಂಎಲ್‌ಎ ಆದರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ದುರಂತ. 300ಕ್ಕೂ ಹೆಚ್ಚು ಜನ ಸತ್ತರು. ಮಿಥೈಲ್ ಆಲ್ಕೋಹಾಲ್ ಬೆರೆತಿತ್ತು. ಇದರ ಭಯಂಕರ ಗುಣ ಏನಂದರೆ ಕುಡಿಯುವಾಗ ನಾಲಿಗೆಗೆ ವ್ಯತ್ಯಾಸವೇ ಗೊತ್ತಾಗಲ್ಲ. ದೇಹದೊಳಗೆ ಹೋಗಿ ಫಾರ್ಮಿಕ್ ಆಮ್ಲ ಆಗುತ್ತೆ, ಮೊದಲು ಕಣ್ಣು ಹೋಗುತ್ತೆ, ಆಮೇಲೆ ಜೀವ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರದಲ್ಲಿ ಹೈಕೋರ್ಟ್ ಛೀಮಾರಿ ಹಾಕಿತು ಅಂತ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ಮೂರು ದಿನಕ್ಕೆ ವಾಪಸ್ ತಗೊಂಡರು. ಒಂದು ಸರ್ಕಾರವನ್ನೇ ಅಲ್ಲಾಡಿಸುವ ಶಕ್ತಿ ಆ ಬಾಟಲಿಗೆ ಇತ್ತು.

ಈಗ ನನ್ನ ಕಥೆಗೆ ಬರ್ತೀನಿ. ನಾನೇನೂ ಗಾಂಧಿವಾದಿ ಅಲ್ಲ. ವರದಿಗಾರನಾಗಿ ಕೆಲಸಕ್ಕೆ ಸೇರಿದ ಹೊಸತು. ಈಸೂರಿನ ಬಗ್ಗೆ ಸ್ವಾತಂತ್ರ್ಯ ದಿನದ ವಿಶೇಷ ಮಾಡೋಕೆ ಶಿಕಾರಿಪುರಕ್ಕೆ ಹೋಗಿದ್ದೆ. 1942ರಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡು, 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೆ ಕೊಟ್ಟ ಊರು ಅದು. ಹಗಲೆಲ್ಲ ಆ ಕಥೆ ಕೇಳಿ ಮನಸ್ಸು ಭಾರವಾಗಿತ್ತು. ರಾತ್ರಿ ಲಾಡ್ಜ್ ಕೆಳಗಿನ ಬಾರ್‌ಗೆ ಗೆಳೆಯರ ಜೊತೆ ಹೋದೆ. 'ಬಿಯರ್ ತಾನೇ, ಬಾರ್ಲಿ ನೀರು' ಅಂದರು. ಸ್ಟ್ರಾಂಗ್ ಬಿಯರ್ ಎರಡು ಬಾಟಲಿ ಕುಡಿದೆ. ಮಾರನೇ ದಿನ ಬೆಳಗ್ಗೆ ಹೋರಾಟಗಾರರ ಮನೆಯಲ್ಲಿ ಸಂದರ್ಶನ ಇತ್ತು. ನಾನು ಎದ್ದದ್ದು 11 ಗಂಟೆಗೆ. ಓಡಿಹೋದೆ. ಆ ಹಿರಿಯರು ಒಗೆದ ಬಿಳಿ ಅಂಗಿ ಹಾಕಿಕೊಂಡು ಬೆಳಗ್ಗೆ 8ರಿಂದ ಜಗುಲಿ ಮೇಲೆ ಕೂತು ಕಾಯುತ್ತಿದ್ದರು. ಬೈಯಲಿಲ್ಲ. 'ಕಾಫಿ ಕುಡೀತೀರಾ?' ಅಂದರು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಆಗ ಕಲಿತ ಮೊದಲ ಪಾಠ: ಲೇಬಲ್ ಓದು. 650 ಎಂಎಲ್ ಬಾಟಲಿ, ಶೇಕಡಾ 8 ಆಲ್ಕೋಹಾಲ್ ಅಂದರೆ ಒಳಗೆ 52 ಎಂಎಲ್ ಶುದ್ಧ ಆಲ್ಕೋಹಾಲ್. 60 ಎಂಎಲ್‌ನ ಒಂದು ಪೆಗ್ ವಿಸ್ಕಿಯಲ್ಲಿ ಎಷ್ಟು? ಸುಮಾರು 26. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಎರಡು ಲಾರ್ಜ್ ವಿಸ್ಕಿಗೆ ಸಮ. ನಾನು ಬಾರ್ಲಿ ನೀರು ಅಂತ ಕುಡಿದದ್ದು ನಾಲ್ಕು ಲಾರ್ಜ್!

ಎರಡನೇ ಪಾಠ: ಆ 42.8. ನಮ್ಮ ವಿಸ್ಕಿ, ಬ್ರಾಂದಿ, ರಮ್ ಯಾವ ಬಾಟಲಿ ತಿರುಗಿಸಿ ನೋಡಿದರೂ ಬಹುತೇಕ ಶೇಕಡಾ 42.8 ಅಂತ ಇರುತ್ತೆ. ಯಾಕೆ 43 ಅಲ್ಲ, 42 ಅಲ್ಲ? ಇದು ಬ್ರಿಟಿಷರ ಕೋವಿಮದ್ದಿನ ಲೆಕ್ಕ. ಹಿಂದೆ ಮದ್ಯದಲ್ಲಿ ಕೋವಿಮದ್ದು ನೆನೆಸಿ ಬೆಂಕಿ ಇಡುತ್ತಿದ್ದರಂತೆ. ಹತ್ತಿಕೊಂಡರೆ ಪ್ರೂಫ್. ಆ ಅಳತೆ ಈಗಿನ ಲೆಕ್ಕದಲ್ಲಿ ಶೇಕಡಾ 57ರಷ್ಟು. ಅದರ ಮುಕ್ಕಾಲು ಭಾಗ 42.8. ಸಾಮ್ರಾಜ್ಯ ಹೋಯ್ತು, ಲೆಕ್ಕ ಉಳೀತು.

ಮೂರನೇ ಪಾಠ ಎಲ್ಲಕ್ಕಿಂತ ದೊಡ್ಡದು. ಕೆಲಸದಲ್ಲಿ ಸ್ವಲ್ಪ ಮೇಲೆ ಬಂದಂತೆ ನನಗೂ 'ಟೇಸ್ಟ್' ಬಂತು. ರಮ್ ಬಿಟ್ಟೆ, ವಿಸ್ಕಿ ಹಿಡಿದೆ. ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದು. 'ನಂಗೆ ಇದೇ ಆಗೋದು, ಅದು ಕುಡಿದರೆ ತಲೆನೋವು' ಅಂತ ಗತ್ತಿನಲ್ಲಿ ಹೇಳ್ತಿದ್ದೆ. ಒಮ್ಮೆ ಮದ್ಯ ತಯಾರಿಕೆ ಬಗ್ಗೆ ಸುದ್ದಿ ಮಾಡುವಾಗ ಗೊತ್ತಾಯಿತು. ನಮ್ಮಲ್ಲಿ ಅಗ್ಗದ ಬಾಟಲಿಗಳಲ್ಲಿ ವಿಸ್ಕಿ ಅಂತ ಮಾರುವುದರಲ್ಲಿ ಬಹುಪಾಲು ಅದೇ ಕಾಕಂಬಿ ಸ್ಪಿರಿಟ್. ಕ್ಯಾರಮೆಲ್ ಬಣ್ಣ ಹಾಕಿದರೆ, ಒಂದು ಪರಿಮಳ ಹಾಕಿದರೆ ವಿಸ್ಕಿ. ಇನ್ನೊಂದು ಪರಿಮಳ ಹಾಕಿದರೆ ಬ್ರಾಂದಿ. ಕಾಕಂಬಿಯದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರೋ ಹಾಗೇ ಇಲ್ಲ. ವಿಸ್ಕಿ ಧಾನ್ಯದ್ದೇ ಆಗಿರಬೇಕು. 1948ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಬಾರ್ಲಿಯಿಂದ ಸಿಂಗಲ್ ಮಾಲ್ಟ್ ಮಾಡಿ, 2004ರಲ್ಲಿ ನೇರ ಸ್ಕಾಟ್‌ಲೆಂಡಿನ ಗ್ಲಾಸ್ಗೋಗೇ ಹೋಗಿ ಮಾರುಕಟ್ಟೆಗೆ ಬಿಟ್ಟಿತು. ಒಳ್ಳೆಯದು ಮಾಡೋಕೆ ನಮಗೆ ಬರಲ್ಲ ಅಂತಲ್ಲ. ಆದರೆ ಅದು ಸೊರಬದ ಗದ್ದೆ ಬದುವಿನವರೆಗೆ ಬರಲ್ಲ. ಅಲ್ಲಿಗೆ ಬರೋದು ಬಣ್ಣ ಹಾಕಿದ ಕಾಕಂಬಿ.

ಈಗ ಮಾವನ ಗ್ಲಾಸಿಗೆ ವಾಪಸ್ ಬನ್ನಿ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮಾವ ಕಳ್ಳಿನಿಂದ ಪ್ಯಾಕೆಟ್ ಸಾರಾಯಿಗೆ ದಾಟಿದ್ದ. ಬಗನಿ ಮರ ಕಡಿಮೆಯಾಗಿದ್ದವು, ಹತ್ತುವವರೂ ಕಡಿಮೆ. ಅವರ ಮಕ್ಕಳು ಶಾಲೆಗೆ ಹೋಗಿ ಬೇರೆ ಕೆಲಸ ಹಿಡಿದರು. ಅದು ಒಳ್ಳೆಯದೇ. ಇನ್ನೊಂದು ಕಡೆ, ರಾಜ್ಯದ ಹಲವೆಡೆ ಅಂಗಡಿ ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಪುಡಿ ಬೆರೆಸುವ ದಂಧೆ ಹೆಚ್ಚಿತು. ಅದು ಮಂಪರು ಬರಿಸುವ ಔಷಧ. ಕೊನೆಗೆ 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕಡೆ ಸೇಂದಿಯೇ ನಿಂತಿತು.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಉಪಮುಖ್ಯಮಂತ್ರಿ ಮತ್ತು ಹಣಕಾಸು ಸಚಿವರು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಬಜೆಟ್‌ನಲ್ಲಿ ಘೋಷಣೆ ಆಯ್ತು, ಜುಲೈ 1ರಿಂದ ಸಾರಾಯಿ ನಿಷೇಧ. ಹೆಣ್ಣುಮಕ್ಕಳ ಕಣ್ಣೀರು ಒರೆಸುವ ತೀರ್ಮಾನ ಅಂತ ನಾವೆಲ್ಲ ಹೊಗಳಿದೆವು. ನಾನೂ ಕ್ಯಾಮೆರಾ ಮುಂದೆ ನಿಂತು 'ಐತಿಹಾಸಿಕ' ಅಂದೆ. ಸಾರಾಯಿ ಗುತ್ತಿಗೆದಾರರ ಸಾಮ್ರಾಜ್ಯ ಬಿದ್ದದ್ದು ಸುಳ್ಳಲ್ಲ. ಅದಕ್ಕೆ ಧೈರ್ಯ ಬೇಕಿತ್ತು. ಆದರೆ ಜುಲೈ 2ನೇ ತಾರೀಕು ನಮ್ಮ ಮಾವ ಏನು ಕುಡಿದ? ಈ ಪ್ರಶ್ನೆಯನ್ನು ನಾನು ಅವತ್ತು ಕೇಳಲಿಲ್ಲ. ಕೇಳಬೇಕಾಗಿತ್ತು.

ಮಾವ ವಿಸ್ಕಿ ಕುಡಿದ. ಅಗ್ಗದ ವಿಸ್ಕಿ, ಕ್ವಾರ್ಟರ್. ಸಾರಾಯಿಗೆ ಬಣ್ಣ ಬಂತು, ಇಂಗ್ಲಿಷ್ ಹೆಸರು ಬಂತು, ರೇಟು ಏರಿತು. ಲೆಕ್ಕ ನೋಡಿ. 180 ಎಂಎಲ್ ಕ್ವಾರ್ಟರ್‌ನಲ್ಲಿ 77 ಎಂಎಲ್ ಶುದ್ಧ ಆಲ್ಕೋಹಾಲ್. ಶೇಕಡಾ 5ರ ಕಳ್ಳಿನಲ್ಲಿ ಅಷ್ಟು ಒಳಗೆ ಹೋಗಬೇಕಾದರೆ ಒಂದೂವರೆ ಲೀಟರ್ ಕುಡಿಯಬೇಕು. ಅಷ್ಟರಲ್ಲಿ ಹೊಟ್ಟೆ ತುಂಬಿ ಸಾಕು ಅನ್ನುತ್ತೆ. ಕ್ವಾರ್ಟರ್‌ಗೆ ಹತ್ತು ನಿಮಿಷ ಸಾಕು. ಮಾವ ಅದನ್ನು ನೀರು ಬೆರೆಸಿ ಕಣ್ಣು ಮುಚ್ಚಿ ಗಟಗಟ ಕುಡಿಯುತ್ತಿದ್ದ. ಒಂದು ಗುಟುಕಿಗೆ ಮರದ ಗುರುತು ಹೇಳುತ್ತಿದ್ದ ಮನುಷ್ಯ ಈಗ ರುಚಿ ತಿಳಿಯಬಾರದು ಅಂತಲೇ ಕಣ್ಣು ಮುಚ್ಚುತ್ತಿದ್ದ.

2008ರ ಮೇನಲ್ಲಿ ಬೆಂಗಳೂರು, ಕೋಲಾರ, ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಮತ್ತೆ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಸಿಗದೆ, ವಿಸ್ಕಿ ಕೊಳ್ಳಲಾಗದೆ ಇದ್ದ ಬಡವರು. ಇನ್ನು ಖಜಾನೆ? 2006-07ರಲ್ಲಿ ರಾಜ್ಯದ ಅಬಕಾರಿ ಆದಾಯ 4,500 ಕೋಟಿ ರೂಪಾಯಿ ಆಸುಪಾಸು. 2023-24ರಲ್ಲಿ 34 ಸಾವಿರ ಕೋಟಿ ದಾಟಿತು. ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಆದಾಯ ಅಂತೂ ನಿಲ್ಲಲೇ ಇಲ್ಲ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು. 'ಹಾಗಾದ್ರೆ ಕಳ್ಳೇ ಒಳ್ಳೇದಿತ್ತು, ವಾಪಸ್ ತನ್ನಿ ಅಂತೀರಾ?' ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಮಾವ ತೀರಿಕೊಂಡ ವರ್ಷ, ಲಿವರ್ ಹೋಗಿತ್ತು, ಅತ್ತೆ ಹತ್ತಿರ ಕೂತು ಹೇಳಿದೆ. 'ಅತ್ತೆ, ಮಾವ ಕಳ್ಳು ಕುಡೀತಾ ಇದ್ದಿದ್ರೆ ಇನ್ನೂ ಹತ್ತು ವರ್ಷ ಬದುಕ್ತಿದ್ರು.' ಅತ್ತೆ ಅಡಿಕೆ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿನಗೇನು ಗೊತ್ತು ತಮ್ಮಾ. ಮೊದಲನೇ ಗದ್ದೆ ಮಾರಿದ್ದು ಕಳ್ಳಿನ ಕಾಲದಾಗೇ."

ನನಗೆ ಮಾತು ಹೊರಡಲಿಲ್ಲ. ನನ್ನ ಇಷ್ಟು ವರ್ಷದ ಸಂಶೋಧನೆ, ಶಾಸನ, ಅರ್ಥಶಾಸ್ತ್ರ, ಎಲ್ಲದರಲ್ಲೂ ಕುಡಿಯುವವನ ಗ್ಲಾಸ್ ಇತ್ತು. ಅತ್ತೆಯ ಗದ್ದೆ ಇರಲಿಲ್ಲ. ರುಚಿಯ ಇತಿಹಾಸ ನಾನು ಬರೆದುಕೊಂಡಿದ್ದೆ. ಅದರ ಬಿಲ್ ಕಟ್ಟಿದವರ ಇತಿಹಾಸ ಅವಳ ಹತ್ತಿರ ಇತ್ತು.

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. 200 ಕಿಲೋಮೀಟರ್. ಸಾರಾಯಿ ನಿಷೇಧ ಆಗಿ 11 ವರ್ಷ ಕಳೆದ ಮೇಲೆ! ಸ್ಟುಡಿಯೋದಲ್ಲಿ ಕೂತ ನಾವು 'ನಿಷೇಧ ಪ್ರಾಯೋಗಿಕವೇ?' ಅಂತ ಚರ್ಚೆ ಮಾಡಿದೆವು. ಗುಜರಾತ್ ನೋಡಿ, ಬಿಹಾರ ನೋಡಿ ಅಂದೆವು. ಕಳ್ಳಭಟ್ಟಿ ಹೆಚ್ಚಾಗುತ್ತೆ ಅಂದೆವು. ಆ ವಾದ ಸುಳ್ಳಲ್ಲ. ಆದರೆ ಅವರು ನಮ್ಮ ಚರ್ಚೆ ನೋಡೋಕೆ ನಡೆದು ಬಂದಿರಲಿಲ್ಲ. ಊರೂರಿಗೆ, ಕಿರಾಣಿ ಅಂಗಡಿಗೂ ಬಾಟಲಿ ಬರೋದನ್ನ ನಿಲ್ಲಿಸಿ ಅಂತ ಕೇಳೋಕೆ ಬಂದಿದ್ದರು. ಅಷ್ಟನ್ನು ಮಾಡೋಕೆ ಪೂರ್ತಿ ನಿಷೇಧ ಬೇಕಾ? ಇರುವ ಕಾನೂನು ಸಾಲದಾ? ಈ ಪ್ರಶ್ನೆ ನಾನು ಸರ್ಕಾರಕ್ಕೆ ಇವತ್ತೂ ಕೇಳ್ತೀನಿ. ಯಾವ ಪಕ್ಷದ ಸರ್ಕಾರ ಇದ್ದರೂ ಕೇಳ್ತೀನಿ. ಯಾಕಂದ್ರೆ 34 ಸಾವಿರ ಕೋಟಿ ಎಲ್ಲ ಪಕ್ಷಕ್ಕೂ ಸಿಹಿಯಾಗೇ ಇರುತ್ತೆ.

ಕುಡಿಯುವವರಿಗೆ ನಾನು ಕಲಿತದ್ದು ಇಷ್ಟು. ಹೆಸರು ನೋಡಬೇಡಿ, ಶೇಕಡಾ ನೋಡಿ. ಬಾಟಲಿಯ ಹಿಂದುಗಡೆ ಏನು ಬರೆದಿದೆ ಓದಿ. ಲೇಬಲ್ ಇಲ್ಲದ್ದನ್ನು ಮುಟ್ಟಲೇಬೇಡಿ. ಖಾಲಿ ಹೊಟ್ಟೆಯಲ್ಲಿ ಬೇಡ. ದುಬಾರಿ ಅಂದರೆ ಲಿವರ್‌ಗೆ ಒಳ್ಳೆಯದು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು, ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಅಳತೆಯೇ ಇಲ್ಲ. 'ನನಗೆ ಕೆಂಪು ವೈನ್ ಹಾರ್ಟ್‌ಗೆ ಒಳ್ಳೇದು' ಅನ್ನೋರೂ ಇದನ್ನ ಕೇಳಿಸಿಕೊಳ್ಳಿ.

ಹೋದ ದೀಪಾವಳಿಗೆ ಅಮ್ಮನ ಊರಿಗೆ ಹೋಗಿದ್ದೆ. ಮಾವನ ಮನೆ ಹಿಂದೆ ಒಂದೇ ಒಂದು ಬಗನಿ ಮರ ಉಳಿದಿದೆ. ಹೊಂಬಾಳೆ ಅರ್ಧದವರೆಗೆ ಇಳಿದಿದೆ. ಅಂದರೆ ಇನ್ನು ಕೆಲವೇ ವರ್ಷ. ಯಾರೂ ಮಡಕೆ ಕಟ್ಟಿಲ್ಲ. ಅತ್ತೆ ಅದರ ಬುಡದಲ್ಲಿ ದನ ಕಟ್ಟುತ್ತಾಳೆ. ಮಾರಿದ ಗದ್ದೆ ಆ ಜಗುಲಿಯಿಂದ ಕಾಣುತ್ತೆ. ಬೇರೆಯವರ ಬೆಳೆ ನಿಂತಿತ್ತು.

ಶಿರಾಳಕೊಪ್ಪದ ಹುಡುಗನಿಗೆ ನಾನು ಅವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಡ್ತೀನಿ. ವರ್ಷಕ್ಕೆ ಒಂದೆರಡು ಸಲ ನಾನು ಈಗಲೂ ಕುಡೀತೀನಿ, ಸುಳ್ಳು ಹೇಳಲ್ಲ. ಆದರೆ ಅದನ್ನು ನನ್ನ ಬ್ರ್ಯಾಂಡ್ ಅಂತ ಕರೆಯೋದು ಬಿಟ್ಟಿದ್ದೀನಿ. ಅದು ಅಬಕಾರಿ ಇಲಾಖೆಯ ಬ್ರ್ಯಾಂಡ್. ನಿನ್ನದೂ ಅದೇ ತಮ್ಮಾ. ಮುಂದಿನ ಸಲ ಗ್ಲಾಸ್ ಎತ್ತುವ ಮೊದಲು ನಿಮ್ಮ ಮನೆಯಲ್ಲಿ ಯಾರನ್ನಾದರೂ ಕೇಳು, ಬಿಲ್ ಯಾರು ಕಟ್ಟುತ್ತಿದ್ದಾರೆ ಅಂತ.

ಯೋಚನೆ ಮಾಡಿ.